ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ. ಮಳೆ ಹಿಡಿದ ಮೇಲೆ ಬಾವಿ ನೀರು ಕದಡುತ್ತದೆ, ಒಮ್ಮೊಮ್ಮೆ ವಾಸನೆಯೂ ಬರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕಾ?

ಉತ್ತರ: ಸಾಲದು. ಪೌಡರ್ ಇವತ್ತು ಬಾವಿಯಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆ, ಅಷ್ಟೇ. ಗಲೀಜು ಬರುವ ದಾರಿ ತೆರೆದೇ ಇದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಕಾಸರಗೋಡಿನ ನೆಲವೇ ಹಾಗೆ. ಇಲ್ಲಿನ ಕೆಂಪು ಮುರಕಲ್ಲಿನ ತುಂಬ ತೂತು, ಬಿರುಕು. ದಪ್ಪ ಮಣ್ಣಿದ್ದಲ್ಲಿ ನೀರು ಸೋಸಿಕೊಂಡು ನಿಧಾನಕ್ಕೆ ಇಳಿಯುತ್ತದೆ. ಇಲ್ಲಿ ಬಿರುಕು ಸಿಕ್ಕಿತೋ, ಸೋಸುವ ಮಾತೇ ಇಲ್ಲ. ಗುಡ್ಡದ ಮೇಲೆ ಬಿದ್ದ ಮಳೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದೊಳಗೆ ಜಿನುಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಕ್ಕಸು ಗುಂಡಿಯ ನೀರಿಗೂ ಅದೇ ದಾರಿ.

ಕೇರಳದ ಕಟ್ಟಡ ನಿಯಮದ ಪ್ರಕಾರ ಬಾವಿಗೂ ಗುಂಡಿಗೂ 7.5 ಮೀಟರ್ ಅಂತರ ಬೇಕು. ಅದು ಕನಿಷ್ಠ. ಗುಂಡಿ ಮೇಲಿನ ತಟ್ಟಿನಲ್ಲಿ, ಬಾವಿ ಕೆಳಗಿನ ತಟ್ಟಿನಲ್ಲಿ ಇದ್ದರೆ ಇನ್ನೂ ದೂರ ಒಳ್ಳೆಯದು. ಅಳೆಯುವಾಗ ಆಚೆ ಮನೆಯವರ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಎಲ್ಲ ತುರುಕುವ ಕಾಲ ಇದು. ಬೇಲಿಯಾಚೆ ಬಾವಿ ಎಲ್ಲಿದೆ ಅಂತ ಗುಂಡಿ ತೋಡುವ ಮೊದಲೇ ಕೇಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಜಗಳ ಮಾಡಿ ಏನು ಪ್ರಯೋಜನ?

ಹಟ್ಟಿಯ ಗಂಜಳ, ಬಚ್ಚಲ ನೀರು ಬಾವಿಯ ಕಡೆಗೆ ಹರಿಯಬಾರದು. ಬಾವಿಕಟ್ಟೆಯ ಸುತ್ತ ಸಿಮೆಂಟು ಒಡೆದಿದ್ದರೆ ಮಳೆಗೆ ಮೊದಲೇ ಸರಿ ಮಾಡಿಸಿ.

ಇನ್ನು ಪೌಡರ್. ಕಣ್ಣಂದಾಜಿಗೆ ಸುರಿಯಬೇಡಿ. 1000 ಲೀಟರಿಗೆ 2.5 ಗ್ರಾಂ ಸಾಕು. ಬಾವಿಯ ಅಗಲ 3 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಸುಮಾರು 28,000 ಲೀಟರ್ ಆಯಿತು, ಅಂದರೆ 70 ಗ್ರಾಂ. ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತೆ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಕೊಡಪಾನಕ್ಕೆ ಬಸಿದು ಬಾವಿಗೆ ಇಳಿಸಿ, ನೀರಿನೊಳಗೆ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆಯಾದರೂ ನೀರು ಸೇದಬೇಡಿ. ರಾತ್ರಿ ಹಾಕಿಟ್ಟರೆ ಸುಲಭ. ನೀರು ಕೆಸರಾಗಿದ್ದರೆ ಪೌಡರಿನಲ್ಲಿರುವ ಕ್ಲೋರಿನ್ನಿನ ಶಕ್ತಿ ಆ ಕೆಸರಿಗೇ ಖರ್ಚಾಗುತ್ತದೆ. ಹಳೆಯ, ಗಾಳಿಯಾಡಿದ ಪೌಡರಿನಲ್ಲಿ ವಾಸನೆ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಹೇಗೂ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ನೀರು ಪರೀಕ್ಷೆ ಮಾಡಿಸುವುದಾದರೆ ಪೌಡರ್ ಹಾಕುವ ಮೊದಲು ಮಾಡಿಸಿ. ಹಾಕಿದ ಮಾರನೇ ದಿನ ಕೊಂಡುಹೋದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಸುಮ್ನೆ ದುಡ್ಡು ದಂಡ. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಪಿಎಚ್ 6.5ಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ, ಮುರಕಲ್ಲಿನ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವೇ.

ತೋಟದವರಿಗೆ ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಬಿಟ್ಟ ಮೇಲೆ ಡ್ರಮ್ಮು, ಪಂಪು ತೊಳೆಯುವುದು ಎಲ್ಲಿ? ತುಂಬ ಜನ ತೋಡಿನಲ್ಲೇ, ಅಂದರೆ ಹಳ್ಳದಲ್ಲೇ, ಅದ್ದಿಬಿಡುತ್ತಾರೆ. ಮೈಲುತುತ್ತು ಅಂದರೆ ತಾಮ್ರ, ಮೀನಿಗೆ ವಿಷ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಬಿಟ್ಟ ಎಂಡೋಸಲ್ಫಾನ್ ಕೀಟನಾಶಕ 2000ದವರೆಗೂ ಏನೇನು ಮಾಡಿತೆಂದು ಕಂಡ ಊರು ನಮ್ಮದು. ತೊಳೆದ ನೀರನ್ನು ತೋಡು, ಬಾವಿಯಿಂದ ದೂರ, ತೋಟದೊಳಗೇ ಅಡಿಕೆ ಮರಗಳ ನಡುವೆ ಅಲ್ಲಲ್ಲಿ ಚೆಲ್ಲಿ.