ಹರ್ಪಿಸ್ ಪಾಸಿಟಿವ್ ಸರಿ, ಆದರೆ ಯಾವ ಹರ್ಪಿಸ್, ಎಲ್ಲಿಯ ಸ್ಯಾಂಪಲ್?

ಹರ್ಪಿಸ್ ಅಂದ ಕೂಡಲೇ ಜನ ಗಾಬರಿಯಾಗುತ್ತಾರೆ, ತಲೆಗೆ ಬರುವುದು ಲೈಂಗಿಕ ರೋಗ ಒಂದೇ. ಆದರೆ ಮನುಷ್ಯರಿಗೆ ತಗಲುವ ಹರ್ಪಿಸ್ ಕುಟುಂಬದಲ್ಲಿ 9 ವೈರಸ್‌ಗಳಿವೆ. ಜ್ವರ ಬಂದಾಗ ತುಟಿಯಂಚಿಗೆ ಏಳುವ ಗುಳ್ಳೆ, ಮಕ್ಕಳಿಗೆ ಆಗುವ 'ಅಮ್ಮ' (ಚಿಕನ್‌ಪಾಕ್ಸ್), ವಯಸ್ಸಾದವರ ಸರ್ಪಸುತ್ತು, ಕಿಡ್ನಿ ಕಸಿ ಮಾಡಿಸಿಕೊಂಡವರನ್ನು ಕಾಡುವ ಸಿಎಂವಿ (ಸೈಟೊಮೆಗಾಲೊ ವೈರಸ್), ಎಲ್ಲವೂ ಇದೇ ಕುಟುಂಬ. ಒಮ್ಮೆ ಒಳಗೆ ಬಂದರೆ ಯಾವುದೂ ಪೂರ್ತಿ ಬಿಟ್ಟು ಹೋಗುವುದಿಲ್ಲ, ನರದ ಗಂಟಿನಲ್ಲೋ ರಕ್ತಕಣದಲ್ಲೋ ಅಡಗಿ ಕೂರುತ್ತದೆ. ಲ್ಯಾಬಿನವರಾದ ನಮಗೆ ಕಷ್ಟ ಇರುವುದೇ ಇಲ್ಲಿ. ವೈರಸ್ಸಿನ ಡಿಎನ್‌ಎ ಸಿಕ್ಕಿದ ಮಾತ್ರಕ್ಕೆ ಈಗಿನ ಕಾಯಿಲೆ ಅದರಿಂದಲೇ ಬಂತು ಅಂತಲ್ಲ.

ವೈರಸ್ಸಿನ ಡಿಎನ್‌ಎ ತುಣುಕನ್ನು ಸುತ್ತು ಸುತ್ತಾಗಿ ಹೆಚ್ಚಿಸಿ ಹಿಡಿಯುವ ಪರೀಕ್ಷೆಯೇ ಪಿಸಿಆರ್, ಒಂದೊಂದು ಸುತ್ತಿಗೆ ಸೈಕಲ್ ಅನ್ನುತ್ತೇವೆ. ಅದರಲ್ಲಿ ನಾವು ಮಾಡುವುದೇನು? ತುಟಿಯ ಮತ್ತು ಜನನಾಂಗದ ಗುಳ್ಳೆಗೆ ಕಾರಣವಾಗುವ ಹರ್ಪಿಸ್ ಸಿಂಪ್ಲೆಕ್ಸ್‌ನ ಟೈಪ್ 1 ಮತ್ತು ಟೈಪ್ 2 ಎರಡರ ಡಿಎನ್‌ಎಯೂ ಸುಮಾರು ಒಂದೂವರೆ ಲಕ್ಷ ಅಕ್ಷರದ್ದು, ಬಹುಪಾಲು ಒಂದೇ ಥರ. ಎಲ್ಲಿ ಬೇರೆಯಾಗುತ್ತವೋ ಆ ಜಾಗ ಹುಡುಕಿ, ಒಂದೊಂದು ಟೈಪ್‌ಗೂ ಒಂದೊಂದು ಬಣ್ಣದ ಪ್ರೋಬ್ (ಆ ಜಾಗಕ್ಕೆ ಮಾತ್ರ ಅಂಟುವ ಡಿಎನ್‌ಎ ಚೂರು) ಹಾಕುತ್ತೇವೆ. ಯಾವ ಬಣ್ಣದ ಗೆರೆ ಮೇಲೇಳುತ್ತದೋ ಅದೇ ಟೈಪ್. 20ನೇ ಸೈಕಲ್‌ಗೇ ಎದ್ದರೆ ವೈರಸ್ ಜಾಸ್ತಿ ಇದೆ ಅಂತ. 38ಕ್ಕೆ ತೆವಳಿಕೊಂಡು ಎದ್ದರೆ ನಾನು ಸಹಿ ಹಾಕುವುದಿಲ್ಲ, ಮತ್ತೆ ಓಡಿಸಿ ನೋಡುತ್ತೇನೆ. ಇವುಗಳ ಜೊತೆ, ಟೆಸ್ಟ್ ಸರಿಯಾಗಿ ನಡೆಯಿತೇ ಅಂತ ನೋಡಲು, ಇಂಟರ್ನಲ್ ಕಂಟ್ರೋಲ್ ಅಂತ ಇನ್ನೊಂದು ಗೆರೆ ಇರುತ್ತದೆ. ಅದೂ ಏಳದಿದ್ದರೆ ಅದು ನೆಗೆಟಿವ್ ಅಲ್ಲ, ಟೆಸ್ಟೇ ನಡೆದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ರಕ್ತ ಕಳಿಸಿದಾಗ ಆ ಹೆಪಾರಿನ್ನೇ ಪಿಸಿಆರ್‌ಗೆ ಅಡ್ಡಿಯಾಗಿ ಹೀಗಾಗುವುದುಂಟು, ಅದಕ್ಕೇ ನಾವು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಕೇಳುವುದು.

ಸ್ವಾಬ್ ತೆಗೆಯುವಾಗ ಗುಳ್ಳೆಯ ಮೇಲೆ ಸುಮ್ನೆ ಸವರಿದರೆ ಏನೂ ಸಿಗಲ್ಲ. ಗುಳ್ಳೆ ಒಡೆದು ಅದರ ತಳವನ್ನು ಉಜ್ಜಬೇಕು, ಸ್ವಲ್ಪ ಉರಿಯುತ್ತದೆ. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿದುಕೊಂಡು ಬರುವವರೂ ಇದ್ದಾರೆ, ಮೊದಲು ಅದನ್ನು ತೊಳೆಯಬೇಕು. ಗುಳ್ಳೆ ಒಣಗಿದ್ದರೂ ಪರವಾಗಿಲ್ಲ, 'ಅಮ್ಮ' ಮತ್ತು ಸರ್ಪಸುತ್ತಿನಲ್ಲಿ ಉದುರುವ ಹಕ್ಕಳೆಯೂ ಒಳ್ಳೆಯ ಸ್ಯಾಂಪಲ್.

ಈ ಟೆಸ್ಟಿನ ನಿಜವಾದ ಬೆಲೆ ಗೊತ್ತಾಗುವುದು ಮೆದುಳಿನ ಸೋಂಕಿನಲ್ಲಿ. ಟೈಪ್ 1 ಮೆದುಳಿಗೆ ಹೊಕ್ಕರೆ, ಚಿಕಿತ್ಸೆ ಇಲ್ಲದಿದ್ದರೆ 100ಕ್ಕೆ ಸುಮಾರು 70 ಜನ ಉಳಿಯುವುದಿಲ್ಲ. ಹಿಂದೆ ಖಚಿತ ಮಾಡಿಕೊಳ್ಳಲು ತಲೆಬುರುಡೆ ತೆರೆದು ಮೆದುಳಿನ ಚೂರು ತೆಗೆಯಬೇಕಿತ್ತು. 1990ರ ದಶಕದಲ್ಲಿ ಬೆನ್ನಿನ ನೀರಿನ ಪಿಸಿಆರ್ ಬಂದು ಅದನ್ನು ತಪ್ಪಿಸಿತು. ಬೆನ್ನಿನ ನೀರಿನಲ್ಲಿ ಟೈಪ್ 1 ಸಿಕ್ಕಿದರೆ ನಾವು ರಿಪೋರ್ಟ್ ಪ್ರಿಂಟ್ ಆಗುವವರೆಗೂ ಕಾಯುವುದಿಲ್ಲ, ವಾರ್ಡಿಗೆ ಫೋನ್ ಮಾಡುತ್ತೇವೆ. ಹಾಗಂತ ಅಸೈಕ್ಲೋವಿರ್ (ಹರ್ಪಿಸ್‌ಗೆ ಕೊಡುವ ಔಷಧಿ) ಶುರು ಮಾಡಲು ನಮ್ಮ ಫೋನಿಗೆ ಕಾಯಬಾರದು. ಕಾಯಿಲೆ ಶುರುವಾದ ಮೊದಲ 3 ದಿನದೊಳಗೆ ತೆಗೆದ ನೀರಿನಲ್ಲಿ ವೈರಸ್ ಸಿಗದೇ ಹೋಗಬಹುದು, ಅನುಮಾನ ಬಲವಾಗಿದ್ದರೆ ಔಷಧಿ ನಿಲ್ಲಿಸದೆ ಕೆಲವು ದಿನ ಬಿಟ್ಟು ಮತ್ತೆ ಕಳಿಸಬೇಕು.

ಇನ್ನು ಜನನಾಂಗದ ಹುಣ್ಣು. ಇಲ್ಲಿ ಟೈಪ್ ಗೊತ್ತಾದರೆ ಮುಂದೆ ಏನಾಗಬಹುದು ಅಂತ ಹೇಳಬಹುದು, ಟೈಪ್ 1 ಆದರೆ ಮರುಕಳಿಸುವುದು ಕಡಿಮೆ, ಟೈಪ್ 2 ಪದೇ ಪದೇ ಬರುತ್ತದೆ. ಆದರೆ ಯಾರಿಂದ ಬಂತು, ಯಾವಾಗ ಬಂತು? ಅದನ್ನು ಪಿಸಿಆರ್ ಹೇಳುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ವೈರಸ್ ಈಗ ಎದ್ದಿರಬಹುದು. ಗಂಡ ಹೆಂಡತಿ ಜಗಳಕ್ಕೆ ದಯವಿಟ್ಟು ನಮ್ಮ ರಿಪೋರ್ಟನ್ನು ಸಾಕ್ಷಿ ಮಾಡಬೇಡಿ.

ಟೈಪ್ ಬೇರೆ, ತಳಿ ಬೇರೆ. ಒಂದೇ ವೈರಸ್ಸಿನೊಳಗೆ ಕೆಲವು ಅಕ್ಷರಗಳಷ್ಟೇ ಬೇರೆಯಾಗಿರುವುದು ತಳಿ. ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಕೊಂಡ ಮಗುವಿಗೆ ಗುಳ್ಳೆ ಎದ್ದರೆ ಅದು ಲಸಿಕೆಯ ವೈರಸ್ಸೋ ಹೊರಗಿಂದ ತಗುಲಿದ್ದೋ? ಲಸಿಕೆಯಲ್ಲಿರುವ ಓಕಾ ತಳಿಯ 62ನೇ ಜೀನ್‌ನಲ್ಲಿ ಕೆಲವು ಅಕ್ಷರ ಬದಲಾಗಿವೆ, ಅಲ್ಲಿ ಓದಿದರೆ ಉತ್ತರ ಸಿಗುತ್ತದೆ. ಔಷಧಿಗೆ ಬಗ್ಗದ ತಳಿಯನ್ನೂ ಹೀಗೇ ಹಿಡಿಯಬಹುದು. ಅಸೈಕ್ಲೋವಿರ್ ಕೆಲಸ ಮಾಡಬೇಕಾದರೆ ವೈರಸ್ಸಿನದೇ ಥೈಮಿಡಿನ್ ಕೈನೇಸ್ ಎಂಜೈಮ್ ಬೇಕು, ಆ ಜೀನ್ ಕೆಟ್ಟಿದ್ದರೆ ಎಷ್ಟು ಕೊಟ್ಟರೂ ಅಷ್ಟೇ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹುಣ್ಣು ಮಾಯದಿದ್ದಾಗ ಇದನ್ನು ಕೇಳಿ, ಎಲ್ಲರಿಗೂ ಬೇಡ.

ಇದೇ ಕುಟುಂಬದ ಇನ್ನೊಂದು ವೈರಸ್ ಎಚ್‌ಎಚ್‌ವಿ 6 ಅಂತೂ ಎಂಥವರನ್ನೂ ದಾರಿ ತಪ್ಪಿಸುತ್ತದೆ. 100ರಲ್ಲಿ ಸುಮಾರು ಒಬ್ಬರಿಗೆ ಇದರ ಡಿಎನ್‌ಎ ಹುಟ್ಟಿನಿಂದಲೇ ಕ್ರೋಮೋಸೋಮಿನಲ್ಲಿ ಸೇರಿಕೊಂಡಿರುತ್ತದೆ. ಅವರ ರಕ್ತ ಯಾವಾಗ ಪರೀಕ್ಷಿಸಿದರೂ ಪಾಸಿಟಿವ್, ಅದೂ ಲಕ್ಷಗಟ್ಟಲೆ ಕಾಪಿ, ಮನುಷ್ಯ ಮಾತ್ರ ಆರಾಮಾಗಿರುತ್ತಾನೆ! ತಲೆಕೂದಲನ್ನು ಬುಡಸಮೇತ ಕಿತ್ತು ನೋಡಿದರೆ ಅಲ್ಲೂ ಸಿಗುತ್ತದೆ, ಆಗ ಇದು ಹುಟ್ಟಿನಿಂದ ಬಂದದ್ದು ಅನ್ನುವುದು ಸ್ಪಷ್ಟ.

ನನಗೆ ಜಾಸ್ತಿ ಸಿಟ್ಟು ಬರುವುದು ಟಾರ್ಚ್ ಪ್ಯಾನೆಲ್ ಮೇಲೆ, ಅಂದರೆ ಮಗುವಿಗೆ ತೊಂದರೆ ಮಾಡಬಲ್ಲ ಕೆಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ರಕ್ತಪರೀಕ್ಷೆ. ಗರ್ಭಪಾತವಾದ ಹೆಣ್ಣುಮಗಳು 'ಹರ್ಪಿಸ್ ಐಜಿಎಂ ಪಾಸಿಟಿವ್' ಅನ್ನೋ ಚೀಟಿ ಹಿಡಿದು ಅಳುತ್ತಾ ಬರುತ್ತಾಳೆ. ಐಜಿಎಂ ಅಂದರೆ ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ. ಆ ಐಜಿಎಂ ಟೈಪ್ 1 ಯಾವುದು, 2 ಯಾವುದು ಅಂತ ನಂಬುವಂತೆ ಹೇಳುವುದಿಲ್ಲ, ಸುಳ್ಳು ಪಾಸಿಟಿವ್ ಬರುವುದೂ ಮಾಮೂಲು. ಗರ್ಭಿಣಿಗೆ ಗುಳ್ಳೆ ಇದ್ದರೆ ಅದರ ಸ್ವಾಬ್ ಕಳಿಸಿ, ಟೈಪ್ ಸಮೇತ ಪಿಸಿಆರ್ ಅಂತ ಬರೆಯಿರಿ, ಹೆರಿಗೆ ಡಾಕ್ಟರಿಗೂ ತಿಳಿಸಿ. ಗುಳ್ಳೆ ಇಲ್ಲವೇ? ಹಾಗಾದರೆ ಆ ಐಜಿಎಂ ಬೇಡವೇ ಬೇಡ.