ಓದುಗರ ಪ್ರಶ್ನೆ: ಸಿಪಿಟಿ ಮಾಡಿದರೆ ಒಪಿಟಿ ಕೈತಪ್ಪುತ್ತದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿ ಬಿಇ ಮುಗಿಸಿ, ಕಂಪ್ಯೂಟರ್ ಸೈನ್ಸ್ ಎಂಎಸ್ ಮಾಡಲು ಈ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದಿದ್ದೇನೆ. ಎಫ್-1 (ವಿದ್ಯಾರ್ಥಿ) ವೀಸಾ. ಮುಂದಿನ ಬೇಸಿಗೆಯಲ್ಲಿ ಸಾಫ್ಟ್‌ವೇರ್ ಇಂಟರ್ನ್‌ಶಿಪ್ ಮಾಡುವ ಆಸೆ. ಆದರೆ ಸಿಪಿಟಿ (ಓದುತ್ತಿರುವಾಗ ಕೆಲಸ ಮಾಡುವ ಅನುಮತಿ) ತೆಗೆದುಕೊಂಡರೆ ಆಮೇಲೆ ಒಪಿಟಿ (ಸಾಮಾನ್ಯವಾಗಿ ಪದವಿ ಮುಗಿದ ಮೇಲೆ ಕೆಲಸ ಮಾಡುವ ಅನುಮತಿ) ಸಿಗುವುದಿಲ್ಲ, ಸಿಕ್ಕರೂ ಅಷ್ಟು ತಿಂಗಳು ಕಡಿತವಾಗುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇಂಟರ್ನ್‌ಶಿಪ್ ಮಾಡಿ. ಒಂದು ಬೇಸಿಗೆಯ ಇಂಟರ್ನ್‌ಶಿಪ್‌ನಿಂದ ನಿಮ್ಮ ಒಪಿಟಿಯ ಒಂದೇ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹಿಂದೆ ಹಾಗೆ ನಿಲ್ಲಿಸಿದಾಗಲೆಲ್ಲ ಮರುದಿನವೇ ಅದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಬಂದಿದೆ. ಗಣೇಶನ ಹಬ್ಬದ ಆಸುಪಾಸಿನಲ್ಲಿ ಶುರುವಾದರೆ ಯುಗಾದಿಯವರೆಗೂ ಬಿಡುವಿಲ್ಲ. ಕೇಳುವವರು ಬದಲಾಗುತ್ತಾರೆ, ಊರು ಬದಲಾಗುತ್ತದೆ, "ಸೀನಿಯರ್‌ಗಳು ಹೇಳಿದರು" ಎಂಬುದು ಮಾತ್ರ ಬದಲಾಗುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಆ ಸೀನಿಯರ್‌ಗೆ ಇದನ್ನು ಹೇಳಿದವರು ಯಾರು ಎಂದು ಒಬ್ಬರೂ ವಿಚಾರಿಸುವುದಿಲ್ಲ. ಆದ್ದರಿಂದ ಈ ಸಲ ಬುಡದಿಂದಲೇ ಅಗೆಯೋಣ.

ಸಿಪಿಟಿ ಎಂದರೆ ಓದಿನ ಭಾಗವಾಗಿ, ಓದು ಮುಗಿಯುವ ಮೊದಲು ಮಾಡುವ ಕೆಲಸಕ್ಕೆ ಸಿಗುವ ಅನುಮತಿ. ಇದನ್ನು ಕೊಡುವುದು ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿರುವ ಡಿಎಸ್‌ಒ ಎಂಬ ಅಧಿಕಾರಿ. ವಲಸೆ ಇಲಾಖೆಗೆ ಅರ್ಜಿ ಹಾಕಬೇಕಿಲ್ಲ, ಶುಲ್ಕವಿಲ್ಲ, ಕಾರ್ಡೂ ಬರುವುದಿಲ್ಲ. ಒಪಿಟಿ ಹಾಗಲ್ಲ. ಅದಕ್ಕೆ ಐ-765 ಅರ್ಜಿಯನ್ನು ಶುಲ್ಕದೊಂದಿಗೆ ವಲಸೆ ಇಲಾಖೆಗೇ ಸಲ್ಲಿಸಬೇಕು, ಅಲ್ಲಿಂದ ಇಎಡಿ ಎಂಬ ಉದ್ಯೋಗ ಅನುಮತಿ ಕಾರ್ಡ್ ಬರಬೇಕು. ಒಂದನ್ನು ಕೊಡುವುದು ಕಾಲೇಜು, ಇನ್ನೊಂದನ್ನು ಸರ್ಕಾರ. ಎರಡರ ಲೆಕ್ಕವೂ ಬೇರೆ ಬೇರೆ.

ಹಾಗಾದರೆ ಈ ಕಡಿತದ ಕತೆ ಎಲ್ಲಿಂದ ಬಂತು? ನಿಯಮದಲ್ಲಿರುವ ಒಂದು ಸಾಲಿನಿಂದ. ಪೂರ್ಣಾವಧಿ ಸಿಪಿಟಿಯನ್ನು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಪಡೆದವರಿಗೆ, ಆ ಹಂತದ ಪದವಿ ಮುಗಿದ ಮೇಲೆ ಒಪಿಟಿ ಇಲ್ಲ ಎನ್ನುತ್ತದೆ ಆ ಸಾಲು. ಇದರಲ್ಲಿ ಎರಡು ಷರತ್ತುಗಳಿವೆ: ಪೂರ್ಣಾವಧಿ ಆಗಿರಬೇಕು, ಒಂದು ವರ್ಷ ತುಂಬಿರಬೇಕು. ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಅರೆಕಾಲಿಕ. ಅರೆಕಾಲಿಕ ಸಿಪಿಟಿಯನ್ನು ಎಷ್ಟು ಮಾಡಿದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಪೂರ್ಣಾವಧಿಯದಾದರೂ ವರ್ಷ ತುಂಬದಿದ್ದರೆ ಒಪಿಟಿ ಇಡಿಯಾಗಿ ನಿಮ್ಮದೇ. "ಮೂರು ತಿಂಗಳು ಮಾಡಿದರೆ ಮೂರು ತಿಂಗಳು ಕಡಿತ" ಎಂಬ ಮಾತು ಆ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಅಲ್ಲಿರುವುದು ಒಂದು ಗೆರೆ. ಗೆರೆಯ ಈಚೆಗಿದ್ದರೆ ಪೂರ್ತಿ ಉಂಟು, ಆಚೆ ಹೋದರೆ ಪೂರ್ತಿ ಇಲ್ಲ.

ಈಗ ನಿಮ್ಮದೇ ಲೆಕ್ಕ ಹಾಕಿ. ಎರಡು ವರ್ಷದ ಎಂಎಸ್‌ನಲ್ಲಿ ನಡುವೆ ಸಿಗುವುದು ಒಂದು ಬೇಸಿಗೆ. ಟೆಕ್ ಕಂಪನಿಗಳ ಬೇಸಿಗೆ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವಾರ, ಅಂದರೆ ಮೂರು ತಿಂಗಳೊಳಗೆ. ಅದೇ ಕಂಪನಿ ನಿಮ್ಮನ್ನು ಮೆಚ್ಚಿ ಡಿಸೆಂಬರ್‌ವರೆಗೂ ಪೂರ್ಣಾವಧಿಗೆ ಉಳಿಸಿಕೊಂಡಿತು, ಕಾಲೇಜೂ ಒಪ್ಪಿತು ಎನ್ನಿ. ಆಗಲೂ ಏಳೆಂಟು ತಿಂಗಳು. ಸಾಮಾನ್ಯ ವಿದ್ಯಾರ್ಥಿಯೊಬ್ಬ ಆ ಗೆರೆ ದಾಟಬೇಕೆಂದರೆ ಹಟ ಹಿಡಿದೇ ದಾಟಬೇಕು.

ಗೊಂದಲಕ್ಕೆ ಇನ್ನೊಂದು ಮೂಲವೂ ಇದೆ, ಇಲ್ಲಿ ಸೀನಿಯರ್‌ಗಳ ಮೇಲೆ ಸ್ವಲ್ಪ ಕನಿಕರ ತೋರಿಸಬೇಕು. ಒಪಿಟಿಯನ್ನೇ ಪದವಿ ಮುಗಿಯುವ ಮೊದಲು ಬಳಸಿಕೊಳ್ಳುವ ದಾರಿಯೂ ಇದೆ. ಹಾಗೆ ಬಳಸಿದರೆ ನಿಜಕ್ಕೂ ಕಡಿತವಾಗುತ್ತದೆ: ಪೂರ್ಣಾವಧಿಯಾದರೆ ತಿಂಗಳಿಗೆ ತಿಂಗಳು, ಅರೆಕಾಲಿಕವಾದರೆ ಅದರ ಅರ್ಧ. ಯಾರೋ ಒಬ್ಬರು ಅದನ್ನು ಮಾಡಿ, ಕಡಿತವಾದದ್ದನ್ನು ಕಂಡು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿರುತ್ತಾರೆ. ಓದಿದವರು ಒಪಿಟಿ ಇದ್ದ ಜಾಗದಲ್ಲಿ ಸಿಪಿಟಿ ಎಂದು ನೆನಪಿಟ್ಟುಕೊಳ್ಳುತ್ತಾರೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಎಷ್ಟು ಜನ ಬೇಸಿಗೆಯಿಡೀ ಮನೆಯಲ್ಲಿ ಕುಳಿತಿದ್ದಾರೋ!

ಹೆದರಿಕೆ ಯಾಕೆ ಇಷ್ಟು ಆಳವಾಗಿದೆ ಎಂಬುದೂ ಅರ್ಥವಾಗುವಂಥದ್ದೇ. ಕಂಪ್ಯೂಟರ್ ಸೈನ್ಸ್‌ನಂಥ ವಿಷಯ ಓದಿದವರಿಗೆ 12 ತಿಂಗಳ ಒಪಿಟಿಯ ಮೇಲೆ 24 ತಿಂಗಳ ವಿಸ್ತರಣೆ ಸಿಗುತ್ತದೆ. 2008ರಲ್ಲಿ 17 ತಿಂಗಳಾಗಿ ಶುರುವಾದದ್ದು 2016ರಲ್ಲಿ 24 ಆಯಿತು. ಒಟ್ಟು ಮೂರು ವರ್ಷ. ಊರಿನಲ್ಲಿ ಮನೆ ಅಡವಿಟ್ಟು ತಂದ ಶಿಕ್ಷಣ ಸಾಲ ತೀರುವುದು ಈ ಮೂರು ವರ್ಷದ ಸಂಬಳದಲ್ಲಿ. ಮೂಲ ಒಪಿಟಿಯೇ ಹೋದರೆ ವಿಸ್ತರಿಸಲು ಏನೂ ಉಳಿಯುವುದಿಲ್ಲ. ಆದರೆ ಆ ಹೆದರಿಕೆಯಿಂದ ಇಂಟರ್ನ್‌ಶಿಪ್ ಬಿಡುವುದು ಶುದ್ಧ ನಷ್ಟ. ಟೆಕ್ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವಾಗ ಮೊದಲು ನೋಡುವುದು ತಮ್ಮ ಇಂಟರ್ನ್‌ಗಳನ್ನು. ಇಂಟರ್ನ್‌ಶಿಪ್ ಇಲ್ಲದೆ ಒಪಿಟಿಗೆ ಕಾಲಿಟ್ಟವರು ಕೆಲಸ ಹುಡುಕುತ್ತಿರುವಾಗ, 90 ದಿನಗಳಿಗಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ ಎಂಬ ಗಡಿಯಾರ ಟಿಕ್ ಟಿಕ್ ಎನ್ನತೊಡಗುತ್ತದೆ. ಉಳಿಸಿದ ಒಪಿಟಿಯನ್ನು ಇಟ್ಟುಕೊಂಡು ಆಗ ಏನು ಮಾಡುತ್ತೀರಿ?

ಹಟ ಹಿಡಿದು ಗೆರೆ ದಾಟುವವರೂ ಇದ್ದಾರೆ, ಅವರ ಬಗ್ಗೆ ಎರಡು ಮಾತು. ಸೇರಿದ ಮೊದಲ ದಿನದಿಂದಲೇ ಪೂರ್ಣಾವಧಿ ಸಿಪಿಟಿ ಕೊಡುತ್ತೇವೆ ಎಂದು ಕರೆಯುವ ಕಾಲೇಜುಗಳಿವೆ. ಕೆಲಸವೇ ಪಠ್ಯದ ಕಡ್ಡಾಯ ಭಾಗವಾಗಿರುವ ಕೆಲವು ಸ್ನಾತಕೋತ್ತರ ಕೋರ್ಸ್‌ಗಳಿಗೆ ನಿಯಮ ಆ ಅವಕಾಶ ಕೊಟ್ಟಿದೆ, ನಿಜ. ಆದರೆ ತರಗತಿ ನೆಪಕ್ಕೆ, ಕೆಲಸವೇ ಮುಖ್ಯ ಎನ್ನುವ ಕಡೆ ಹೋಗಬೇಡಿ. ಮಿಷಿಗನ್‌ನಲ್ಲಿ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಎಂಬುದೊಂದಿತ್ತು. ಅದನ್ನು ನಡೆಸುತ್ತಿದ್ದದ್ದು ಅಮೆರಿಕದ ಗೃಹಭದ್ರತಾ ಇಲಾಖೆಯೇ, ಬಲೆ ಬೀಸುವುದಕ್ಕಾಗಿ. 2019ರ ಜನವರಿಯಲ್ಲಿ ಬಲೆ ಎಳೆದಾಗ ಸಿಕ್ಕಿಬಿದ್ದವರಲ್ಲಿ ಬಹುಪಾಲು ಭಾರತೀಯ ವಿದ್ಯಾರ್ಥಿಗಳು. ಅಲ್ಲಿ ಪಾಠವೂ ಇರಲಿಲ್ಲ, ಪ್ರಾಧ್ಯಾಪಕರೂ ಇರಲಿಲ್ಲ.

ಇನ್ನು ಸಿಪಿಟಿ ಪಡೆಯುವ ಕ್ರಮ. ಮೊದಲು ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕು. ನೀವು ಆಗಸ್ಟ್‌ನಲ್ಲಿ ಬಂದವರು, ಮೇ ಹೊತ್ತಿಗೆ ಎರಡು ಸೆಮಿಸ್ಟರ್ ಮುಗಿದಿರುತ್ತವೆ, ಸರಿಯಾಯಿತು. ಜನವರಿಯಲ್ಲಿ ಸೇರಿದ ನಿಮ್ಮ ಗೆಳೆಯರಿಗೆ ಮೊದಲ ಬೇಸಿಗೆಯಲ್ಲಿ ಸಾಮಾನ್ಯವಾಗಿ ಈ ಭಾಗ್ಯವಿಲ್ಲ. ಪ್ರವೇಶ ಆರಿಸಿಕೊಳ್ಳುವಾಗ ಊರಿನ ಸಲಹಾ ಏಜೆಂಟರು ಈ ಮಾತನ್ನು ಬಾಯಿ ತಪ್ಪಿಯೂ ಹೇಳುವುದಿಲ್ಲ. ಆಮೇಲೆ ಕಂಪನಿಯ ಆಫರ್ ಪತ್ರ ಕೈಗೆ ಬರಬೇಕು. ಅದರಲ್ಲಿ ಕೆಲಸದ ಸ್ವರೂಪ, ಸ್ಥಳ, ಆರಂಭ ಮತ್ತು ಮುಕ್ತಾಯದ ದಿನಾಂಕ, ವಾರದ ಗಂಟೆಗಳು ಸ್ಪಷ್ಟವಾಗಿರಲಿ. ಹೆಚ್ಚಿನ ಕಡೆ ಒಂದೆರಡು ಕ್ರೆಡಿಟ್‌ನ ಇಂಟರ್ನ್‌ಶಿಪ್ ಕೋರ್ಸಿಗೆ ಹೆಸರು ನೋಂದಾಯಿಸಬೇಕಾಗುತ್ತದೆ. ಬೇಸಿಗೆಯ ಆ ಕ್ರೆಡಿಟ್‌ಗೂ ಶುಲ್ಕ ಕೇಳುವ ಕಾಲೇಜುಗಳುಂಟು, ಮೊದಲೇ ವಿಚಾರಿಸಿಕೊಳ್ಳಿ.

ಡಿಎಸ್‌ಒ ಒಪ್ಪಿದರೆ ಹೊಸ ಐ-20 (ಎಫ್-1 ವಿದ್ಯಾರ್ಥಿಗೆ ಕಾಲೇಜು ಕೊಡುವ ದಾಖಲೆ) ಬರುತ್ತದೆ. ಬಂದ ತಕ್ಷಣ ಮೊದಲ ಪುಟ ನೋಡಿ ಮಡಚಿಡಬೇಡಿ, ಎರಡನೆಯ ಪುಟ ತೆರೆಯಿರಿ. ಉದ್ಯೋಗ ಅನುಮತಿ ಎಂಬ ತಲೆಬರಹದ ಕೆಳಗೆ ಕಂಪನಿಯ ಹೆಸರು, ಊರು, ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು, ಎರಡು ದಿನಾಂಕಗಳು ಅಚ್ಚಾಗಿರುತ್ತವೆ. ನಿಮ್ಮ ಅನುಮತಿ ಎಂದರೆ ಅಷ್ಟೇ. ಅಲ್ಲಿ ಮೇ 19 ಎಂದಿದ್ದರೆ 18ರಂದು ಲ್ಯಾಪ್‌ಟಾಪ್ ತೆರೆದು ತರಬೇತಿಯ ವಿಡಿಯೊ ನೋಡುವುದೂ ಬೇಡ. ಮ್ಯಾನೇಜರ್ ಇನ್ನೆರಡು ವಾರ ಇರು ಎಂದರೆ, ದಿನಾಂಕ ಮುಗಿಯುವ ಮೊದಲೇ ಡಿಎಸ್‌ಒ ಬಳಿ ಹೋಗಿ. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಇದೆಲ್ಲ ಬೇಡವಂತೆ ಎಂದು ಕೇಳುವವರಿಗೆ: ಸಂಬಳ ಇಲ್ಲ ಎಂದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ, ಡಿಎಸ್‌ಒ ಅವರನ್ನು ಕೇಳದೆ ಶುರು ಮಾಡಬೇಡಿ.

ಹುಡುಕಾಟದ ವಿಚಾರದಲ್ಲಿ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದಕ್ಕೆ ಅಡ್ಡದಾರಿ ಇಲ್ಲ. ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಯ ಅರ್ಜಿಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ತೆರೆಯುತ್ತವೆ. ಇನ್ನೂ ಬಾಡಿಗೆ ಮನೆಗೆ ಹಾಸಿಗೆ ಕೊಳ್ಳುವ ಹೊತ್ತಿಗೇ ರೆಸ್ಯೂಮೆ ಸಿದ್ಧವಿರಬೇಕು. ಕ್ಯಾಂಪಸ್ಸಿನ ಉದ್ಯೋಗ ಮೇಳದಲ್ಲಿ "ಸ್ಪಾನ್ಸರ್‌ಶಿಪ್ ಬೇಕೇ?" ಎಂದು ಕೇಳಿದರೆ ಬರಿದೇ ಹೌದು ಎಂದು ತಲೆಯಾಡಿಸಿ ಬರುವವರೇ ಹೆಚ್ಚು. ಇಂಟರ್ನ್‌ಶಿಪ್‌ಗೆ ಕಂಪನಿ ಯಾವ ಅರ್ಜಿಯನ್ನೂ ಹಾಕಬೇಕಿಲ್ಲ, ಕೆಲಸದ ಅನುಮತಿಯನ್ನು ನನ್ನ ವಿಶ್ವವಿದ್ಯಾಲಯವೇ ಕೊಡುತ್ತದೆ ಎಂದು ಬಿಡಿಸಿ ಹೇಳಿ. ಎಷ್ಟೋ ಸಣ್ಣ ಕಂಪನಿಗಳಿಗೆ ಇದು ಗೊತ್ತೇ ಇರುವುದಿಲ್ಲ. ಆದರೆ ಆನ್‌ಲೈನ್ ಅರ್ಜಿಯಲ್ಲಿ "ಈಗ ಅಥವಾ ಮುಂದೆ" ಸ್ಪಾನ್ಸರ್‌ಶಿಪ್ ಬೇಕಾದೀತೇ ಎಂದು ಕೇಳಿದ್ದರೆ, ಮುಂದೆ ಎಚ್-1ಬಿ ಉದ್ಯೋಗ ವೀಸಾ ಬೇಕು ಎಂದಿರುವವರ ಪ್ರಾಮಾಣಿಕ ಉತ್ತರ ಹೌದು ಎಂದೇ. ಅಲ್ಲಿ ಸುಳ್ಳು ಬರೆದು ಆಮೇಲೆ ಆಫರ್ ಕಳೆದುಕೊಳ್ಳಬೇಡಿ. ಅಮೆರಿಕದ ಪ್ರಜೆಗಳಿಗೆ ಮಾತ್ರ ಎಂದೋ, ಭದ್ರತಾ ಅನುಮತಿ ಬೇಕು ಎಂದೋ ಬರೆದಿರುವ ರಕ್ಷಣಾ ವಲಯದ ಜಾಹೀರಾತುಗಳಿಗೆ ಅರ್ಜಿ ಹಾಕಿ ಸಮಯ ಕಳೆಯುವುದೂ ಬೇಡ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ, ಏಕೆಂದರೆ ಸಿಪಿಟಿಯಿಂದ ಬಾರದ ಕಡಿತ ಇಲ್ಲಿಂದ ಬರುತ್ತದೆ, ಅದನ್ನು ಮಾತ್ರ ಯಾವ ಸೀನಿಯರೂ ಹೇಳುವುದಿಲ್ಲ. ಮೊದಲ ಸಂಬಳದ ಚೀಟಿ ಬಂದಾಗ ಕೈಗೆ ಬಂದ ಮೊತ್ತ ನೋಡಿ ಸಂತೋಷಪಟ್ಟು ಸುಮ್ಮನಾಗಬೇಡಿ, ಕಡಿತಗಳ ಪಟ್ಟಿ ನೋಡಿ. ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ಯೋಜನೆಗೆ ಶೇ 6.2, ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಗೆ ಶೇ 1.45, ಒಟ್ಟು ಶೇ 7.65 ಅಮೆರಿಕದ ನೌಕರರ ಸಂಬಳದಿಂದ ಹೋಗುತ್ತದೆ. ಎಫ್-1 ವಿದ್ಯಾರ್ಥಿಗಳು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾಗಿರುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ, ಅನುಮತಿ ಪಡೆದು ಮಾಡುವ ಕೆಲಸಕ್ಕೆ ಈ ಎರಡನ್ನೂ ಕೊಡಬೇಕಾಗಿಲ್ಲ. ಆಗಸ್ಟ್‌ನಲ್ಲಿ ಬಂದಿಳಿದಿದ್ದರೂ ಆ ವರ್ಷವೇ ಒಂದನೆಯದು ಎಂಬುದು ನೆನಪಿರಲಿ. ಗಂಟೆಗೆ 40 ಡಾಲರ್‌ನಂತೆ ವಾರಕ್ಕೆ 40 ಗಂಟೆ, ಹನ್ನೆರಡು ವಾರ ದುಡಿದರೆ 19,200 ಡಾಲರ್. ಅದರ ಶೇ 7.65 ಎಂದರೆ ಸುಮಾರು 1,469 ಡಾಲರ್. ಎಷ್ಟೋ ಊರುಗಳಲ್ಲಿ ಹಂಚಿಕೊಂಡ ಕೋಣೆಯ ಎರಡು ತಿಂಗಳ ಬಾಡಿಗೆ. ಸಂಬಳ ವಿಭಾಗದವರು ಬೇಕೆಂದು ಮುರಿದುಕೊಳ್ಳುವುದಲ್ಲ, ಎಲ್ಲರಂತೆ ಇವರೂ ಎಂದು ತಂತ್ರಾಂಶದಲ್ಲಿ ಒತ್ತಿರುತ್ತಾರೆ.

ಮೊದಲ ಚೀಟಿಯಲ್ಲೇ ಕಂಡರೆ ಕಂಪನಿಯ ಸಂಬಳ ವಿಭಾಗಕ್ಕೆ ಬರೆಯಿರಿ, ಸರಿಪಡಿಸಿ ಹಣ ಮರಳಿಸುತ್ತಾರೆ. ಅವರು ಕೊಡದಿದ್ದರೆ ತೆರಿಗೆ ಇಲಾಖೆಗೆ ಫಾರ್ಮ್ 843 ಮತ್ತು 8316 ಸಲ್ಲಿಸಿ ಕೇಳಬಹುದು. ವಾರ್ಷಿಕ ತೆರಿಗೆ ವಿವರವನ್ನೂ ಅಮೆರಿಕದ ಸಹಪಾಠಿಗಳು ಬಳಸುವ 1040ರಲ್ಲಿ ಅಲ್ಲ, 1040-ಎನ್‌ಆರ್‌ನಲ್ಲಿ, ಜತೆಗೆ 8843 ಇಟ್ಟು ಸಲ್ಲಿಸಬೇಕು. ಅನಿವಾಸಿಗಳಿಗೆ ಸಾಮಾನ್ಯವಾಗಿ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಸಿಗುತ್ತದೆ. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಜನವರಿ ಕೊನೆಯೊಳಗೆ ಕಂಪನಿಯಿಂದ ವರ್ಷದ ಸಂಬಳ, ಕಡಿತಗಳ ವಿವರವಿರುವ ಡಬ್ಲ್ಯು-2 ಬರುತ್ತದೆ. ಆ ಎರಡು ಕಡಿತಗಳನ್ನು ತೋರಿಸುವ ಅದರ 4 ಮತ್ತು 6ನೇ ಚೌಕಗಳು ಖಾಲಿ ಇದ್ದರೆ ಸರಿ, ಅಂಕಿ ಕಂಡರೆ ಆ ಹಣ ನಿಮ್ಮದು.