ರ‍್ಯಾಮ್ ಅಂದರೆ ‘ಮರೆಯುವ ಮೆಮೊರಿ’ ಅಲ್ಲ

‘ಕರೆಂಟ್ ಹೋದರೂ ಮರೆಯದ ರ‍್ಯಾಮ್ ಬರುತ್ತಿದೆ’ ಎಂದು ಯಾರಾದರೂ ಬರೆದರೆ ಸಾಕು, ‘ಮರೆಯದಿದ್ದರೆ ಅದು ರ‍್ಯಾಮೇ ಅಲ್ಲ’ ಎಂದು ತಿದ್ದುವವರು ಹಾಜರ್. ಎಷ್ಟು ಸಲ ಓದುವುದು ಇದನ್ನ? ತಪ್ಪು ತಿದ್ದುವವರದ್ದೇ. ರ‍್ಯಾಮ್ ಅನ್ನೋದು ‘ರ‍್ಯಾಂಡಮ್ ಆಕ್ಸೆಸ್ ಮೆಮೊರಿ’ಯ ಚುಟುಕು ಹೆಸರು.

ರ‍್ಯಾಂಡಮ್ ಆಕ್ಸೆಸ್ ಅಂದರೆ ಯಾವ ಜಾಗದಲ್ಲಿರುವ ಮಾಹಿತಿಗಾದರೂ ನೇರ ಕೈ ಹಾಕಬಹುದು, ಸಮಯ ಹೆಚ್ಚುಕಡಿಮೆ ಒಂದೇ ಹಿಡಿಯುತ್ತದೆ, ಅಷ್ಟೇ. ಟೇಪ್ ಆದರೆ ಬೇಕಾದ ಜಾಗ ಬರೋವರೆಗೂ ಸುತ್ತಬೇಕು. ಕರೆಂಟ್ ಹೋದಾಗ ಏನಾಗುತ್ತದೆ ಅನ್ನೋದರ ಬಗ್ಗೆ ಈ ಹೆಸರು ಏನೂ ಹೇಳುವುದೇ ಇಲ್ಲ. 1950, 60ರ ದಶಕದ ಕೋರ್ ಮೆಮೊರಿಯನ್ನೇ ನೋಡಿ. ತಂತಿಗೆ ಪೋಣಿಸಿದ ಪುಟ್ಟ ಪುಟ್ಟ ಫೆರೈಟ್ ಉಂಗುರಗಳು. ಒಂದು ಉಂಗುರಕ್ಕೆ ಒಂದು ಬಿಟ್. ಅದರ ಕಾಂತೀಯತೆ ಈ ದಿಕ್ಕಿಗಿದ್ದರೆ ಸೊನ್ನೆ, ಆ ದಿಕ್ಕಿಗಿದ್ದರೆ ಒಂದು. ಪಕ್ಕಾ ರ‍್ಯಾಮ್, ಸ್ವಿಚ್ ಆರಿಸಿದರೂ ಮರೆಯುತ್ತಿರಲಿಲ್ಲ. ಚಂದ್ರನಿಗೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿನಲ್ಲೂ ಇದೇ ಇತ್ತು. ಪ್ರೋಗ್ರಾಮರುಗಳು ಕೆಟ್ಟುನಿಂತ ಪ್ರೋಗ್ರಾಮಿನ ಮೆಮೊರಿಯ ನಕಲಿಗೆ ಈಗಲೂ ‘ಕೋರ್ ಡಂಪ್’ ಅಂತಾರಲ್ಲ, ಆ ಕೋರ್ ಇದೇ.

ಮರೆವು ಅಂಟಿಕೊಂಡಿದ್ದು ಚಿಪ್ಪುಗಳ ಕಾಲದಲ್ಲಿ. 1970ರಲ್ಲಿ ಇಂಟೆಲ್‌ನ 1103 ಡಿರ‍್ಯಾಮ್ ಚಿಪ್ ಬಂತು. ಡಿರ‍್ಯಾಮ್ ಬಿಟ್ಟನ್ನು ಚಾರ್ಜ್ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಚಾರ್ಜ್ ಸೋರುತ್ತದೆ, ಹಾಗಾಗಿ ಈಗಿನ ಚಿಪ್ಪುಗಳಲ್ಲಿ ಸಾಮಾನ್ಯವಾಗಿ 32ರಿಂದ 64 ಮಿಲಿಸೆಕೆಂಡಿನೊಳಗೆ ಬಿಟ್‌ಗಳ ಪ್ರತಿ ಸಾಲನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ಆದರೆ ಅಗ್ಗ. ಅದಕ್ಕೇ ಗೆದ್ದಿತು.

‘ಹೊಸ ಪೀಳಿಗೆಯ ಮೆಮೊರಿ’ ಅನ್ನೋ ಮಾತಿನದ್ದೂ ಇದೇ ಪಾಡು. ಈಗಿನ ಕಂಪ್ಯೂಟರುಗಳ ಡಿಡಿಆರ್5 ಅದೇ ಹಳೇ ಡಿರ‍್ಯಾಮ್. ಎಐ ಭರಾಟೆಯಲ್ಲಿ ದಿನಾ ಕೇಳಿಬರುವ ಎಚ್‌ಬಿಎಂ ಕೂಡ ಡಿರ‍್ಯಾಮೇ, ಒಂದರ ಮೇಲೊಂದು ಪೇರಿಸಿದ್ದು. ಫೋನಿನ ಡಬ್ಬದ ಮೇಲಿನ ‘8+8 ಜಿಬಿ ರ‍್ಯಾಮ್’ನ ಎರಡನೇ ಎಂಟಂತೂ ಫೋನಿನ ಸ್ಟೋರೇಜಿನಿಂದ ಎತ್ತಿಟ್ಟ ಜಾಗ. ಸುಮ್ನೆ ಅಂಕಿ ದೊಡ್ಡದು ಮಾಡೋ ಉಪಾಯ.

ನಿಜವಾಗಿ ಬೇರೆ ದಾರಿ ಹಿಡಿದವು ನಾಲ್ಕು, ಕರೆಂಟ್ ಹೋದರೂ ಮರೆಯದಂಥವು. ಎಂರ‍್ಯಾಮ್ ಕಾಂತೀಯತೆಯನ್ನೂ ರೀರ‍್ಯಾಮ್ ವಿದ್ಯುತ್ ರೋಧವನ್ನೂ ನೆಚ್ಚಿಕೊಂಡಿವೆ. ಎಫ್‌ರ‍್ಯಾಮ್‌ದು ಫೆರೋಎಲೆಕ್ಟ್ರಿಕ್ ಪದರ, ಅಂದರೆ ವಿದ್ಯುತ್ ಕೊಟ್ಟಾಗ ಪಡೆದ ದಿಕ್ಕನ್ನು ಆಮೇಲೂ ಉಳಿಸಿಕೊಳ್ಳುವ ವಸ್ತು. ಫೇಸ್ ಚೇಂಜ್ ಮೆಮೊರಿಯದ್ದು ಮತ್ತೆ ಮತ್ತೆ ಬರೆಯಬಲ್ಲ ಡಿವಿಡಿಯಲ್ಲಿದ್ದಂಥದ್ದೇ ವಸ್ತು. ಕಾಯಿಸಿ ಆರಿಸುವ ರೀತಿಯ ಮೇಲೆ ಅದು ಹರಳಾಗುತ್ತದೆ, ಇಲ್ಲವೇ ಗಾಜಿನಂತಾಗುತ್ತದೆ.

ಅತಿ ದೊಡ್ಡ ಜೂಜು ಆಡಿದ್ದು ಇಂಟೆಲ್ ಮತ್ತು ಮೆಮೊರಿ ಕಂಪನಿ ಮೈಕ್ರಾನ್. 2015ರಲ್ಲಿ 3ಡಿ ಎಕ್ಸ್‌ಪಾಯಿಂಟ್ ಎಂಬ ಫೇಸ್ ಚೇಂಜ್ ಬಗೆಯ ಮೆಮೊರಿ ಘೋಷಿಸಿ, ಪೆನ್‌ಡ್ರೈವ್, ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಫ್ಲ್ಯಾಶಿಗಿಂತ ಸಾವಿರ ಪಟ್ಟು ವೇಗ ಎಂದರು. ಆಪ್ಟೇನ್ ಹೆಸರಲ್ಲಿ ಎಸ್‌ಎಸ್‌ಡಿ ಕೈಗೆ ಬಂದಾಗ ಸಿಕ್ಕಿದ್ದು ಸುಮಾರು ಹತ್ತು ಪಟ್ಟು. ಹತ್ತು ಪಟ್ಟೇನೂ ಕಮ್ಮಿಯಲ್ಲ! ಏಟು ಬಿದ್ದಿದ್ದು ದುಡ್ಡಿನ ಕಡೆಯಿಂದ. ಡಿರ‍್ಯಾಮಿನಷ್ಟು ವೇಗ ಇರಲಿಲ್ಲ, ನ್ಯಾಂಡಿನಷ್ಟು ಅಗ್ಗ ಇರಲಿಲ್ಲ. ಬೆಲೆ ಇಳಿಯಬೇಕಾದರೆ ಜಾಸ್ತಿ ಮಾರಬೇಕು, ಜಾಸ್ತಿ ಮಾರಬೇಕಾದರೆ ಬೆಲೆ ಇಳಿಯಬೇಕು. ಮೆಮೊರಿ ಸ್ಲಾಟಿಗೆ ಹಾಕುವ ಮಾದರಿಗಂತೂ ಇಂಟೆಲ್‌ದೇ ಸರ್ವರ್ ಪ್ರೊಸೆಸರ್ ಬೇಕಿತ್ತು. 2021ರಲ್ಲಿ ಮೈಕ್ರಾನ್ ಹಿಂದೆ ಸರಿದು, ಅಮೆರಿಕದ ಯೂಟಾದ ಲೀಹೈ ಕಾರ್ಖಾನೆಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ಮಾರಿತು. 2022ರಲ್ಲಿ ಇಂಟೆಲ್ ಕೂಡ ಆಪ್ಟೇನ್ ಅಂಗಡಿ ಮುಚ್ಚಿ, 55.9 ಕೋಟಿ ಡಾಲರಿನ ದಾಸ್ತಾನನ್ನು ನಷ್ಟಕ್ಕೆ ಬರೆದುಕೊಂಡಿತು.

ಉಳಿದವು ಬದುಕಿರುವುದು ಸಣ್ಣ ಜಾಗಗಳಲ್ಲಿ. ಎಫ್‌ರ‍್ಯಾಮ್ ವಿದ್ಯುತ್ ಮೀಟರುಗಳಲ್ಲಿದೆ. ಪದೇ ಪದೇ ಬರೆದರೂ ಸವೆಯುವುದಿಲ್ಲ, ಆದರೆ ಹಿಡಿಸುವುದು ಕೆಲವೇ ಮೆಗಾಬಿಟ್. ಎಂರ‍್ಯಾಮ್‌ನಲ್ಲಿ ಎವರ್‌ಸ್ಪಿನ್ ಕಂಪನಿ 1 ಗಿಗಾಬಿಟ್ ಚಿಪ್ ತಂದಿದೆ. ಡಿಡಿಆರ್5ನ ಒಂದು ಚಿಪ್ಪಿನಲ್ಲಿ 16, 24 ಗಿಗಾಬಿಟ್ ಸಲೀಸು. ‘ಡಿರ‍್ಯಾಮ್ ಕಥೆ ಮುಗಿಯಿತು’ ಎಂದು ಬರೆಯುವವರು ಈ ಅಂಕಿಯನ್ನು ಯಾಕೆ ಮುಟ್ಟುವುದಿಲ್ಲವೋ.

ಅಸಲಿ ಪೈಪೋಟಿ ನಡೆಯುತ್ತಿರುವುದು ಮೈಕ್ರೋಕಂಟ್ರೋಲರ್ ಚಿಪ್ಪಿನ ಒಳಗೆ, ಅಂದರೆ ಕಾರು, ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪಿನಲ್ಲಿ. ಚಿಪ್ ತಯಾರಿಕೆಯ ಅಳತೆ 28 ನ್ಯಾನೋಮೀಟರಿಗಿಂತ ಕೆಳಗಿಳಿದರೆ ಅಲ್ಲಿ ಫ್ಲ್ಯಾಶ್ ಕೂರಿಸುವುದು ದುಬಾರಿ. ಆ ಜಾಗಕ್ಕೆ ಸ್ಯಾಮ್‌ಸಂಗ್ ಎಂರ‍್ಯಾಮ್ ಆರಿಸಿಕೊಂಡಿತು, ಎಸ್‌ಟಿಮೈಕ್ರೋ ತನ್ನ ಕಾರು ಚಿಪ್ಪುಗಳಿಗೆ ಫೇಸ್ ಚೇಂಜ್ ಹಿಡಿಯಿತು, ಇನ್ಫಿನಿಯಾನ್ ಚಿಪ್ ತಯಾರಿಸಿಕೊಡುವ ಟಿಎಸ್‌ಎಂಸಿ ಜೊತೆ ಸೇರಿ ರೀರ‍್ಯಾಮ್ ಕಡೆ ಹೋಯಿತು.